ವೃತ್ತಿಪರ ಸಂಸ್ಥೆಗಳ ಸದಸ್ಯತ್ವ: ವಾಣಿಜ್ಯ ಪದವೀಧರರಿಗೆ ಯಾವುದನ್ನು ಏನೆಂದು ಹೇಳಿಕೊಡಬೇಕು?

ವಾಣಿಜ್ಯ ಉಪನ್ಯಾಸಕ, ಹಾವೇರಿ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತಿದ್ದೇನೆ. ಬಿ.ಕಾಂ. ಕೊನೆಯ ಸೆಮಿಸ್ಟರ್ ಮುಗಿಯುತ್ತ ಬಂದಂತೆ ವಿದ್ಯಾರ್ಥಿಗಳು ತರಬೇತಿ ಕೇಂದ್ರಗಳ ಕರಪತ್ರಗಳನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬರುತ್ತಾರೆ. ಸಿಎ (ಚಾರ್ಟರ್ಡ್ ಅಕೌಂಟೆಂಟ್), ಸಿಎಂಎ (ವೆಚ್ಚ ಲೆಕ್ಕಿಗರದ್ದು), ಸಿಎಸ್ (ಕಂಪನಿ ಸೆಕ್ರೆಟರಿ), ಎಸಿಸಿಎ (ಬ್ರಿಟನ್ನಿನ ಲೆಕ್ಕಿಗರ ಸಂಸ್ಥೆಯದ್ದು), ಅಮೆರಿಕದ ಸಿಎಂಎ, ಮಾರ್ಕೆಟಿಂಗ್ ಸಂಸ್ಥೆಗಳ ಡಿಪ್ಲೊಮಾ, ಮ್ಯಾನೇಜ್‌ಮೆಂಟ್ ಸಂಘಗಳ ಸದಸ್ಯತ್ವ, ಇವೆಲ್ಲವೂ ಒಂದೇ ಬಗೆಯ ಹೊಳಪಿನ ಕಾಗದದ ಮೇಲೆ ಒಂದೇ ಬಗೆಯ ಭರವಸೆಯೊಂದಿಗೆ ಅಚ್ಚಾಗಿರುತ್ತವೆ. ಓದುವ ಹುಡುಗಿಗೆ ಅವುಗಳ ನಡುವಿನ ಅಂತರ ಹೇಗೆ ತಿಳಿಯಬೇಕು?

ಈ ಮಕ್ಕಳ ತಂದೆ ತಾಯಂದಿರು ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವವರು, ಇಲ್ಲವೇ ಸಂತೆಯಲ್ಲಿ ಸಣ್ಣ ಅಂಗಡಿ ಇಟ್ಟವರು. ಶುಲ್ಕ ಕಟ್ಟಲು ಮನೆಯ ಬಂಗಾರ ಅಡವಿಗೆ ಹೋಗುತ್ತದೆ. ಆದ್ದರಿಂದ ಸುಮ್ಮನೆ ‘ಎಲ್ಲವೂ ಒಳ್ಳೆಯದೇ’ ಎಂದು ಹೇಳಿ ಕಳುಹಿಸಲು ನನಗೆ ಮನಸ್ಸಾಗುವುದಿಲ್ಲ. ಲೆಕ್ಕಪತ್ರ, ಅರ್ಥಶಾಸ್ತ್ರ, ಆಡಳಿತ ನಿರ್ವಹಣೆ, ಮಾರುಕಟ್ಟೆ ಕ್ಷೇತ್ರಗಳ ಸಂಸ್ಥೆಗಳಲ್ಲಿ ಯಾವುದು ಕಾನೂನಿನ ಹಕ್ಕು ಕೊಡುತ್ತದೆ, ಯಾವುದು ವಿದ್ಯೆ ಕೊಡುತ್ತದೆ, ಯಾವುದು ಬರೀ ಕಾಗದ ಕೊಡುತ್ತದೆ ಎಂಬುದನ್ನು ಆಯಾ ಕ್ಷೇತ್ರದಲ್ಲಿ ಕೆಲಸ ಮಾಡುವವರು ವಿವರವಾಗಿ ಬರೆದರೆ ನಾನು ಅದನ್ನು ತರಗತಿಗೆ ಒಯ್ಯುತ್ತೇನೆ.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ಉಪನ್ಯಾಸಕರೇ, ನೀವು ಕೇಳಿದ ಪ್ರಶ್ನೆಗೆ ನನ್ನ ಬಳಿ ಒಂದು ಒರೆಗಲ್ಲಿದೆ. ಯಾವುದೇ ವೃತ್ತಿ ಸಂಸ್ಥೆಯ ಬಗ್ಗೆ ವಿಚಾರಿಸುವಾಗ ‘ಇದು ನನಗೆ ಏನು ಕೊಡುತ್ತದೆ’ ಎಂದು ಕೇಳುವುದಕ್ಕಿಂತ ಮೊದಲು ‘ನಾನು ತಪ್ಪು ಮಾಡಿದರೆ ಇದು ನನ್ನಿಂದ ಏನನ್ನು ಕಿತ್ತುಕೊಳ್ಳಬಲ್ಲದು’ ಎಂದು ಕೇಳಬೇಕು. ಕಿತ್ತುಕೊಳ್ಳಲು ಏನೂ ಇಲ್ಲದ ಸಂಸ್ಥೆ ಕೊಟ್ಟದ್ದೂ ಹೆಚ್ಚೇನಿರುವುದಿಲ್ಲ ಎಂಬುದು ನನ್ನ ಅನುಭವ.

ನಾನು ಸೇರಿರುವ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ, ಅಂದರೆ ಐಸಿಎಐ, ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದು. ಚಾರ್ಟರ್ಡ್ ಅಕೌಂಟೆಂಟ್‌ಗಳ ಕಾಯ್ದೆ 1949ರ ಜುಲೈ 1ರಂದು ಜಾರಿಗೆ ಬಂತು. ಸಂವಿಧಾನಕ್ಕಿಂತಲೂ ಕೆಲವು ತಿಂಗಳು ಹಿರಿದು. ಆ ಕಾಯ್ದೆ ಒಂದು ಸದಸ್ಯರ ಪಟ್ಟಿ ಇಡಬೇಕೆಂದು ಹೇಳುತ್ತದೆ. ಆ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ ತಮ್ಮನ್ನು ಚಾರ್ಟರ್ಡ್ ಅಕೌಂಟೆಂಟ್ ಎಂದು ಕರೆದುಕೊಳ್ಳಬಹುದು, ಅವರಲ್ಲಿಯೂ ಪ್ರಾಕ್ಟೀಸ್ ಪ್ರಮಾಣಪತ್ರ ಪಡೆದವರು ಮಾತ್ರ 2013ರ ಕಂಪನಿ ಕಾಯ್ದೆಯ ಪ್ರಕಾರ ಕಂಪನಿಯ ಶಾಸನಬದ್ಧ ಲೆಕ್ಕಪರಿಶೋಧನೆಗೆ ಸಹಿ ಹಾಕಬಹುದು. ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್ ಕೂಡ ಅಷ್ಟೇ. ಊರಿನಲ್ಲಿ ರಿಟರ್ನ್ಸ್ ತುಂಬುವ ಎಲ್ಲರನ್ನೂ ಜನ ‘ಆಡಿಟರ್ ಸಾಹೇಬ್ರು’ ಎಂದೇ ಕರೆಯುತ್ತಾರೆ. ಆದರೆ ಸಹಿಯ ಹಕ್ಕು ಆ ಪಟ್ಟಿಯೊಂದಿಗೇ ಬರುತ್ತದೆ, ಪಟ್ಟಿಯಿಂದ ಹೆಸರು ತೆಗೆದ ದಿನ ಅದರೊಂದಿಗೇ ಹೋಗುತ್ತದೆ.

ಹೆಸರು ತೆಗೆಯುವುದು ಹೇಗೆ ಎಂಬುದನ್ನೂ ಕಾಯ್ದೆಯೇ ಬರೆದಿಟ್ಟಿದೆ. ಎರಡು ಅನುಸೂಚಿಗಳಿವೆ. ಮೊದಲನೆಯದರಲ್ಲಿ ವೃತ್ತಿಯ ಘನತೆಗೆ ಕುಂದು ತರುವ ನಡತೆಗಳಿವೆ: ಸದಸ್ಯರಲ್ಲದವರೊಂದಿಗೆ ಶುಲ್ಕ ಹಂಚಿಕೊಳ್ಳುವುದು, ಕಕ್ಷಿದಾರರನ್ನು ಹುಡುಕಿಕೊಂಡು ಹೋಗಿ ಕೆಲಸ ಕೇಳುವುದು, ಇಂಥವು. ಎರಡನೆಯದರಲ್ಲಿ ಹೆಚ್ಚು ಗಂಭೀರವಾದವುಗಳಿವೆ: ತಿಳಿದಿದ್ದ ಮಹತ್ವದ ಸಂಗತಿಯನ್ನು ವರದಿಯಲ್ಲಿ ಬಚ್ಚಿಡುವುದು, ಕೆಲಸದಲ್ಲಿ ತೀವ್ರ ನಿರ್ಲಕ್ಷ್ಯ ತೋರುವುದು. ದೂರನ್ನು ವಕೀಲರೋ ಅಧಿಕಾರಿಗಳೋ ಕೊಡಬೇಕೆಂದಿಲ್ಲ, ಸಾಮಾನ್ಯ ನಾಗರಿಕರೂ ನಿಗದಿತ ನಮೂನೆಯಲ್ಲಿ ಕೊಡಬಹುದು. 2022ರ ತಿದ್ದುಪಡಿ ಕಾಯ್ದೆಯು ಶಿಸ್ತಿನ ಸಮಿತಿಗಳಿಗೆ ಸಂಸ್ಥೆಯ ಸದಸ್ಯರಲ್ಲದವರೇ ಅಧ್ಯಕ್ಷತೆ ವಹಿಸಬೇಕೆಂಬ ಅಂಶವನ್ನು ಸೇರಿಸಿತು.

2019ರಿಂದ ಹಂತ ಹಂತವಾಗಿ ಬಂದ ಯುಡಿಐಎನ್ ವ್ಯವಸ್ಥೆಯನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ. ನಾವು ಸಹಿ ಮಾಡುವ ಪ್ರತಿ ಪ್ರಮಾಣಪತ್ರಕ್ಕೂ ವರದಿಗೂ 18 ಅಂಕಿ ಅಕ್ಷರಗಳ ಒಂದು ಸಂಖ್ಯೆ ಪಡೆಯಬೇಕು. ಬ್ಯಾಂಕಿನವರು ಆ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಕೈಯಲ್ಲಿರುವ ಕಾಗದ ನಿಜವಾಗಿ ಆ ಲೆಕ್ಕಪರಿಶೋಧಕರದ್ದೇ ಎಂದು ನೋಡಿಕೊಳ್ಳುತ್ತಾರೆ. ಇದಕ್ಕೂ ಮೊದಲು ಸುಳ್ಳು ಸೀಲು ಮಾಡಿಸಿ ಸಿಎ ಅವರ ಸಹಿ ನಕಲು ಮಾಡಿ ಸಾಲ ಎತ್ತುತ್ತಿದ್ದವರಿದ್ದರು. ವೃತ್ತಿ ಸಂಸ್ಥೆಯೊಂದು ಸದಸ್ಯರಿಗೆ ಹೊರೆಯೆನಿಸುವ ನಿಯಮವನ್ನು ತಂದು ಸಾರ್ವಜನಿಕರಿಗೆ ಉಪಕಾರ ಮಾಡಿದ ನಿದರ್ಶನ ಎಂದು ನಾನು ಇದನ್ನು ಎಣಿಸುತ್ತೇನೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಮೇಡಂ ಅವರ ಒರೆಗಲ್ಲು ನನಗೆ ಹಿಡಿಸಿತು, ಆದರೆ ಅದನ್ನು ಅವರ ಸಂಸ್ಥೆಯ ಮೇಲೆಯೇ ಇನ್ನಷ್ಟು ಗಟ್ಟಿಯಾಗಿ ಉಜ್ಜಬೇಕಾಗುತ್ತದೆ. 2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯಾದ ಸತ್ಯಂನ ಅಧ್ಯಕ್ಷರು ತಮ್ಮ ಪುಸ್ತಕದಲ್ಲಿರುವ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ಐದು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತ ನಿಜವಾಗಿ ಇಲ್ಲವೇ ಇಲ್ಲ ಎಂದು ಪತ್ರ ಬರೆದು ಒಪ್ಪಿಕೊಂಡರು. ಬ್ಯಾಂಕ್ ಶಿಲ್ಕು ಎಂಬುದು ಲೆಕ್ಕಪರಿಶೋಧನೆಯಲ್ಲಿ ಅತ್ಯಂತ ಸುಲಭವಾಗಿ ತಾಳೆ ನೋಡಬಹುದಾದ ಬಾಬತ್ತು. ನೇರವಾಗಿ ಬ್ಯಾಂಕಿಗೆ ಪತ್ರ ಬರೆದು, ಉತ್ತರವನ್ನು ಕಂಪನಿಯ ಕೈ ದಾಟದಂತೆ ನೇರವಾಗಿ ತರಿಸಿಕೊಂಡರೆ ಮುಗಿಯಿತು. ವರ್ಷಾನುಗಟ್ಟಲೆ ಅದು ಸರಿಯಾಗಿ ನಡೆಯಲಿಲ್ಲ. ಪಟ್ಟಿ, ಅನುಸೂಚಿ, ಶಿಸ್ತು ಸಮಿತಿ ಆಗಲೂ ಇದ್ದವು. ವಂಚನೆಯನ್ನು ಅವು ತಡೆಯಲಿಲ್ಲ, ನಂತರದ ಶಿಸ್ತು ಕ್ರಮಕ್ಕೂ ವರ್ಷಗಳೇ ಹಿಡಿದವು.

ತಮ್ಮವರನ್ನು ತಾವೇ ವಿಚಾರಿಸುವ ಸಂಸ್ಥೆಯ ಕಣ್ಣು ಎಷ್ಟೇ ಪ್ರಾಮಾಣಿಕವಾಗಿದ್ದರೂ ಮಂಜಾಗುತ್ತದೆ. ಅದಕ್ಕೇ ಅಲ್ಲವೇ ಕಂಪನಿ ಕಾಯ್ದೆಯ 132ನೇ ಕಲಮಿನಡಿ 2018ರ ಅಕ್ಟೋಬರ್ 1ರಂದು ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರವನ್ನು, ಅಂದರೆ ಎನ್‌ಎಫ್‌ಆರ್‌ಎಯನ್ನು, ಸರ್ಕಾರ ಸ್ಥಾಪಿಸಬೇಕಾಯಿತು? ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಮತ್ತು ದೊಡ್ಡ ಕಂಪನಿಗಳ ಲೆಕ್ಕಪರಿಶೋಧಕರ ವಿಚಾರಣೆ ಈಗ ಆ ಪ್ರಾಧಿಕಾರದ ಕೈಯಲ್ಲಿದೆ. ಅದು ಆರು ತಿಂಗಳಿಂದ ಹತ್ತು ವರ್ಷದವರೆಗೆ ವೃತ್ತಿಯಿಂದ ಹೊರಗಿಡಬಲ್ಲದು. ವಿದ್ಯಾರ್ಥಿಗಳಿಗೆ ಇದನ್ನೂ ಹೇಳಿಕೊಡಿ. ಸಂಸ್ಥೆಯ ಮೇಲಿನ ಅಭಿಮಾನ ಬೇಕು, ಆದರೆ ಆ ಅಭಿಮಾನಕ್ಕಿಂತ ಲೆಕ್ಕ ಓದುವ ಠೇವಣಿದಾರನ ಹಿತ ದೊಡ್ಡದು.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ಸರ್, ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಎನ್‌ಎಫ್‌ಆರ್‌ಎ ಬಂದಾಗ ನಮ್ಮ ವೃತ್ತಿಯ ಒಳಗೆ ದೊಡ್ಡ ಅಸಮಾಧಾನವಿತ್ತು, ಈಗಲೂ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, ಸಾವಿರಾರು ಜನರ ಹಣ ತೊಡಗಿಕೊಂಡಿರುವ ಕಂಪನಿಗಳ ವಿಷಯದಲ್ಲಿ ಹೊರಗಿನ ಪ್ರಾಧಿಕಾರ ಇರಬೇಕಾದದ್ದೇ ಸರಿ. ಅದರ ಆದೇಶಗಳು ಸಾರ್ವಜನಿಕವಾಗಿ ಪ್ರಕಟವಾಗುತ್ತವೆ. ಯಾವ ಲೆಕ್ಕಪರಿಶೋಧಕರು ಯಾವ ದಾಖಲೆಯನ್ನು ಕೇಳಲಿಲ್ಲ, ಯಾವ ಮಾನದಂಡವನ್ನು ಮೀರಿದರು ಎಂಬ ವಿವರಗಳೆಲ್ಲ ಅವುಗಳಲ್ಲಿವೆ. ನನ್ನ ಕಚೇರಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಪ್ರಾಯೋಗಿಕ ತರಬೇತಿ, ಪಡೆಯುವ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಕ್ಕಿಂತ ಮೊದಲು ಅವುಗಳನ್ನು ಓದಲು ಕೊಡುತ್ತೇನೆ, ಏಕೆಂದರೆ ತಪ್ಪು ಹೇಗೆ ಸಣ್ಣದಾಗಿ ಶುರುವಾಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಹೊರಗಿನ ಪ್ರಾಧಿಕಾರ ದೊಡ್ಡ ಕಂಪನಿಗಳನ್ನು ನೋಡಿಕೊಳ್ಳಬಹುದು, ಆದರೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯ ಅಥವಾ ಗದಗಿನ ಸಹಕಾರಿ ಸಂಘದ ಲೆಕ್ಕ ನೋಡುವವರ ಮೇಲೆ ಕಣ್ಣಿಡುವುದು ಇಂದಿಗೂ ವೃತ್ತಿ ಸಂಸ್ಥೆಯ ಹೊಣೆಯೇ ಆಗಿದೆ.

ಕಾಸ್ಟ್ ಅಕೌಂಟೆಂಟ್, ಬಾಗಲಕೋಟೆ ಜಿಲ್ಲೆ

ಈ ಚರ್ಚೆ ಸಿಎ ಸುತ್ತಲೇ ತಿರುಗುತ್ತಿದೆ. ನಾನು ಘಟಪ್ರಭೆಯ ನೀರಾವರಿ ಪ್ರದೇಶದ ಸಕ್ಕರೆ ಕಾರ್ಖಾನೆಯೊಂದರಲ್ಲಿ ವೆಚ್ಚ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಭಾರತೀಯ ಕಾಸ್ಟ್ ಅಕೌಂಟೆಂಟ್‌ಗಳ ಸಂಸ್ಥೆಯ ಸದಸ್ಯ. ಈ ಸಂಸ್ಥೆ 1944ರಲ್ಲಿ ಕಂಪನಿಯಾಗಿ ನೋಂದಣಿಯಾಗಿ, 1959ರ ಕಾಯ್ದೆಯಿಂದ ಶಾಸನಬದ್ಧವಾಯಿತು. ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಮೇಡಂ ಹೇಳಿದ ಒರೆಗಲ್ಲಿನಲ್ಲಿ ಇದೂ ನಿಲ್ಲುತ್ತದೆ: ಕಂಪನಿ ಕಾಯ್ದೆಯ 148ನೇ ಕಲಮಿನ ಪ್ರಕಾರ ಕಾಸ್ಟ್ ಆಡಿಟ್, ಅಂದರೆ ತಯಾರಿಕಾ ವೆಚ್ಚದ ಲೆಕ್ಕಪರಿಶೋಧನೆ, ಮಾಡುವ ಹಕ್ಕು ಪ್ರಾಕ್ಟೀಸಿನಲ್ಲಿರುವ ಕಾಸ್ಟ್ ಅಕೌಂಟೆಂಟರದ್ದು. ಸಿಎ ಆಗಿದ್ದರೂ ಅದಕ್ಕೆ ಸಹಿ ಹಾಕಲಾಗದು.

2014ರ ನಿಯಮಗಳು ಕೈಗಾರಿಕೆಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸುತ್ತವೆ. ವಿದ್ಯುತ್, ದೂರಸಂಪರ್ಕ, ಔಷಧ, ರಸಗೊಬ್ಬರ ಮುಂತಾದ ನಿಯಂತ್ರಿತ ಕ್ಷೇತ್ರಗಳ ಪಟ್ಟಿಯಲ್ಲಿ ಸಕ್ಕರೆಯೂ ಇದೆ. ಆ ಪಟ್ಟಿಯ ಕಂಪನಿಯ ಒಟ್ಟು ವಹಿವಾಟು 50 ಕೋಟಿ ರೂಪಾಯಿ ಮುಟ್ಟಿ, ಆ ಸರಕಿನದೇ ವಹಿವಾಟು 25 ಕೋಟಿ ಮುಟ್ಟಿದರೆ ಕಾಸ್ಟ್ ಆಡಿಟ್ ಕಡ್ಡಾಯ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಜಿಲ್ಲೆಗಳಲ್ಲಿ ಎಷ್ಟು ಸಕ್ಕರೆ ಕಾರ್ಖಾನೆಗಳಿವೆ ಎಂಬುದನ್ನು ನೆನೆಸಿಕೊಂಡರೆ ಈ ವಿದ್ಯೆ ನಮ್ಮ ನೆಲಕ್ಕೆ ಎಷ್ಟು ಹತ್ತಿರದ್ದು ಎಂಬುದು ತಿಳಿಯುತ್ತದೆ. ಒಂದು ಟನ್ ಕಬ್ಬಿನಿಂದ ಬಂದ ಸಕ್ಕರೆ, ಕಾಕಂಬಿ, ಬಗಾಸೆ, ಮಡ್ಡಿ ಇವುಗಳ ನಡುವೆ ವೆಚ್ಚವನ್ನು ಹೇಗೆ ಹಂಚಬೇಕು, ಕಾರ್ಖಾನೆ ತಾನೇ ಉತ್ಪಾದಿಸಿದ ವಿದ್ಯುತ್ತಿಗೆ ಯಾವ ದರ ಹಿಡಿಯಬೇಕು ಎಂಬ ಪ್ರಶ್ನೆಗಳು ಕೊನೆಗೆ ರೈತರ ಬಿಲ್ಲಿನ ಚರ್ಚೆಗೂ ಬಂದು ಮುಟ್ಟುತ್ತವೆ. ಸಂಸ್ಥೆ ಹೊರಡಿಸಿದ ವೆಚ್ಚ ಲೆಕ್ಕಪತ್ರ ಮಾನದಂಡಗಳಿಲ್ಲದಿದ್ದರೆ ಪ್ರತಿ ಕಾರ್ಖಾನೆಯೂ ತನಗೆ ಬೇಕಾದಂತೆ ಹಂಚಿಕೊಳ್ಳುತ್ತಿತ್ತು.

ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ತರಗತಿಯಲ್ಲಿ ಒತ್ತಿ ಹೇಳಿ. ಕರಪತ್ರಗಳಲ್ಲಿ ಕಾಣುವ ‘ಸಿಎಂಎ’ ಎಂಬ ಮೂರಕ್ಷರ ಎರಡು ಬೇರೆ ಬೇರೆ ಸಂಸ್ಥೆಗಳದ್ದು. ಒಂದು ನಮ್ಮದು. ಇನ್ನೊಂದು 1919ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಆರಂಭವಾದ ಅಮೆರಿಕದ ಐಎಂಎ ಸಂಸ್ಥೆ 1972ರಿಂದ ನಡೆಸುತ್ತಿರುವ ಎರಡು ಭಾಗಗಳ ಪರೀಕ್ಷೆ. ಅದು ಒಳ್ಳೆಯ ಪರೀಕ್ಷೆಯೇ, ಆದರೆ ಭಾರತದಲ್ಲಿ ಕಾಸ್ಟ್ ಆಡಿಟ್ ಮಾಡುವ ಹಕ್ಕನ್ನು ಅದು ಕೊಡುವುದಿಲ್ಲ. ತರಬೇತಿ ಕೇಂದ್ರದವರು ಈ ವ್ಯತ್ಯಾಸವನ್ನು ಹೇಳದೆ ಶುಲ್ಕ ಕಟ್ಟಿಸಿಕೊಂಡ ಹುಡುಗರನ್ನು ನಾನು ಕಂಡಿದ್ದೇನೆ.

ಹಣಕಾಸು ವಿಶ್ಲೇಷಕ, ಬೆಂಗಳೂರು

ಸಹಿಯ ಹಕ್ಕೊಂದನ್ನೇ ಅಳತೆಗೋಲು ಮಾಡಿಕೊಂಡಿರುವುದನ್ನು ನಾನು ಗೌರವಪೂರ್ವಕವಾಗಿ ಒಪ್ಪುವುದಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಉದ್ದಕ್ಕೂ, ವೈಟ್‌ಫೀಲ್ಡಿನಲ್ಲಿ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳಿವೆ. ದೇಶದಲ್ಲಿ ಇಂಥ ಕೇಂದ್ರಗಳು ಅತಿ ಹೆಚ್ಚಿರುವುದು ಈ ನಗರದಲ್ಲೇ. ಅಲ್ಲಿ ಲಂಡನ್ನಿನ ಅಥವಾ ಷಿಕಾಗೋದ ಕಂಪನಿಯ ತಿಂಗಳ ಲೆಕ್ಕ ಮುಗಿಸುವುದು, ಬಜೆಟ್ ತಯಾರಿಸುವುದು, ಅಂತರರಾಷ್ಟ್ರೀಯ ಹಣಕಾಸು ವರದಿಗಾರಿಕೆ ಮಾನದಂಡಗಳ ಪ್ರಕಾರ ಗುತ್ತಿಗೆಗಳನ್ನು ಪರಿಶೀಲಿಸುವುದು ನಿತ್ಯದ ಕೆಲಸ. ಅಲ್ಲಿ ಯಾರೂ ಭಾರತದ ಆಡಿಟ್ ವರದಿಗೆ ಸಹಿ ಮಾಡುವುದಿಲ್ಲ. ನಾನು ಎಸಿಸಿಎ ಸದಸ್ಯ. 13 ಪತ್ರಿಕೆಗಳು, 36 ತಿಂಗಳ ಕೆಲಸದ ಅನುಭವ, ವೃತ್ತಿ ನೈತಿಕತೆಯ ಒಂದು ಘಟಕ, ಇಷ್ಟು ಮುಗಿಸಿದ ಮೇಲೆ ಸದಸ್ಯತ್ವ ಬಂತು. ಪದವಿಯ ವಿಷಯಗಳಿಗೆ ಅನುಗುಣವಾಗಿ ಕೆಲವು ಪತ್ರಿಕೆಗಳಿಂದ ವಿನಾಯಿತಿಯೂ ಸಿಗುತ್ತದೆ.

ಈ ಸಂಸ್ಥೆಯ ಇತಿಹಾಸವನ್ನೂ ತಿಳಿಯುವುದು ಒಳ್ಳೆಯದು. 1904ರಲ್ಲಿ ಲಂಡನ್ನಿನಲ್ಲಿ ಎಂಟು ಜನ ಸೇರಿ ಇದನ್ನು ಕಟ್ಟಿದ್ದು, ಆಗಿನ ಹಳೆಯ ಸಂಸ್ಥೆಗಳ ಬಾಗಿಲು ಹಣವಂತರ ಮಕ್ಕಳಿಗೆ ಮಾತ್ರ ತೆರೆದಿದ್ದ ಕಾಲದಲ್ಲಿ. 1909ರಲ್ಲಿ ಮಹಿಳೆಯೊಬ್ಬರನ್ನು ಸದಸ್ಯೆಯಾಗಿ ಸೇರಿಸಿಕೊಂಡ ಮೊದಲ ಲೆಕ್ಕಿಗರ ಸಂಸ್ಥೆಯೂ ಇದೇ. ಭಾರತದಲ್ಲಿ ಕಾನೂನು ಕೊಟ್ಟ ಸಹಿಯ ಹಕ್ಕು ಇಲ್ಲದೆಯೂ, ಉದ್ಯೋಗದಾತರ ನಂಬಿಕೆಯೊಂದರಿಂದಲೇ ವೃತ್ತಿ ಸಂಸ್ಥೆಗೆ ಬೆಲೆ ಬರಬಹುದು ಎಂಬುದಕ್ಕೆ ಇದು ಸಾಕ್ಷಿ. ಶಿಸ್ತು ಸಮಿತಿ ಇಲ್ಲಿಯೂ ಇದೆ, ಸದಸ್ಯತ್ವ ರದ್ದು ಮಾಡುವ ಅಧಿಕಾರವೂ ಇದೆ.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ನಿಮ್ಮ ಮಾತು ಬೆಂಗಳೂರಿನ ಮಟ್ಟಿಗೆ ಸರಿ. ಆದರೆ ಉಪನ್ಯಾಸಕರ ವಿದ್ಯಾರ್ಥಿಗಳ ದೃಷ್ಟಿಯಿಂದ ಎರಡು ಸಂಗತಿಗಳನ್ನು ಗಮನಿಸಬೇಕು. ನಿಮ್ಮ ಪರೀಕ್ಷಾ ಶುಲ್ಕ ಮತ್ತು ವಾರ್ಷಿಕ ಸದಸ್ಯತ್ವ ಶುಲ್ಕ ಪೌಂಡಿನಲ್ಲಿವೆ, ಅಮೆರಿಕದ ಸಂಸ್ಥೆಗಳದ್ದು ಡಾಲರಿನಲ್ಲಿ. ಕೆಲಸ ಹೋದ ವರ್ಷವೂ ಅದನ್ನು ಕಟ್ಟದಿದ್ದರೆ ಹೆಸರಿನ ಮುಂದಿನ ಅಕ್ಷರಗಳು ಉಳಿಯುವುದಿಲ್ಲ. ಎರಡನೆಯದಾಗಿ, ಹಾವೇರಿಯಲ್ಲೋ ಹಾನಗಲ್ಲಿನಲ್ಲೋ ಸ್ವಂತ ಕಚೇರಿ ತೆರೆದು ಊರಿನಲ್ಲೇ ಬದುಕಬೇಕೆನ್ನುವ ವಿದ್ಯಾರ್ಥಿಗೆ ಆ ಸದಸ್ಯತ್ವ ನೆರವಾಗುವುದಿಲ್ಲ. ಎಲ್ಲಿ ಬದುಕಬೇಕೆಂದುಕೊಂಡಿದ್ದೀರಿ ಎಂಬುದನ್ನು ಮೊದಲು ಕೇಳಿ, ಆಮೇಲೆ ಸಂಸ್ಥೆಯ ಹೆಸರು ಹೇಳುವುದು ಒಳ್ಳೆಯದು.

ಅರ್ಥಶಾಸ್ತ್ರ ಸಂಶೋಧಕಿ, ಬೆಂಗಳೂರು

ಅರ್ಥಶಾಸ್ತ್ರದ ಕಡೆಗೆ ಬಂದರೆ ಈ ಒರೆಗಲ್ಲು ಕೆಲಸಕ್ಕೆ ಬಾರದು. ಅರ್ಥಶಾಸ್ತ್ರಜ್ಞರಿಗೆ ಪರವಾನಗಿ ಇಲ್ಲ, ಪಟ್ಟಿಯೂ ಇಲ್ಲ. ನಮ್ಮ ಸಂಘಗಳಿರುವುದು ಜ್ಞಾನವನ್ನು ಪರಸ್ಪರರ ಮುಂದಿಟ್ಟು ಪರೀಕ್ಷಿಸುವುದಕ್ಕಾಗಿ. ಭಾರತೀಯ ಅರ್ಥಶಾಸ್ತ್ರ ಸಂಘ 1917ರಲ್ಲಿ ಹುಟ್ಟಿತು. ವರ್ಷಕ್ಕೊಮ್ಮೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಸಮ್ಮೇಳನ ನಡೆಸುತ್ತದೆ, ತನ್ನದೇ ನಿಯತಕಾಲಿಕ ಹೊರತರುತ್ತದೆ. ಕೃಷಿ ಅರ್ಥಶಾಸ್ತ್ರಕ್ಕೆ 1939ರಿಂದ ಮುಂಬಯಿಯ ಭಾರತೀಯ ಕೃಷಿ ಅರ್ಥಶಾಸ್ತ್ರ ಸಂಘವಿದೆ. ಅಂಕಿಅಂಶ ಮತ್ತು ಗಣಿತದ ಕಡೆ ಒಲವಿರುವವರಿಗೆ ಭಾರತೀಯ ಇಕನಾಮೆಟ್ರಿಕ್ ಸೊಸೈಟಿ ಇದೆ. ನಮ್ಮ ನಾಡಿನ ಮಟ್ಟಿಗೆ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ಸಂಘವಲ್ಲದಿದ್ದರೂ ಇಂಥ ಚರ್ಚೆಗಳು ನಡೆಯುವ ಜಾಗ.

ಹಣವಿಲ್ಲದ ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು 1885ರಲ್ಲಿ ಸ್ಥಾಪನೆಯಾದ ಅಮೆರಿಕನ್ ಅರ್ಥಶಾಸ್ತ್ರ ಸಂಘದ ಬಗ್ಗೆ. ಆ ಸಂಘ ಹೊರತರುವ ‘ಜರ್ನಲ್ ಆಫ್ ಇಕನಾಮಿಕ್ ಪರ್ಸ್‌ಪೆಕ್ಟಿವ್ಸ್’ ಅಂತರಜಾಲದಲ್ಲಿ ಯಾರಿಗಾದರೂ ಉಚಿತ. ಕ್ಷೇತ್ರದ ಹೊರಗಿನವರಿಗೂ ಅರ್ಥವಾಗುವ ಭಾಷೆಯಲ್ಲಿ, ಸಮೀಕರಣಗಳ ಭಾರವಿಲ್ಲದೆ, ನುರಿತ ವಿದ್ವಾಂಸರು ಅದರಲ್ಲಿ ಬರೆಯುತ್ತಾರೆ. ಜಗತ್ತಿನ ಅರ್ಥಶಾಸ್ತ್ರ ಸಾಹಿತ್ಯವನ್ನೆಲ್ಲ ವಿಷಯವಾರು ವಿಂಗಡಿಸುವ ಜೆಇಎಲ್ ಸಂಕೇತಗಳೂ ಆ ಸಂಘದ್ದೇ. ಒಂದು ರೂಪಾಯಿ ಸದಸ್ಯತ್ವ ಶುಲ್ಕ ಕಟ್ಟದೆ ಹಾವೇರಿಯ ಎಂ.ಎ. ವಿದ್ಯಾರ್ಥಿ ಇವೆರಡನ್ನೂ ಬಳಸಬಹುದು. ವಿದ್ವತ್ ಸಂಘದ ಬೆಲೆಯನ್ನು ಅದು ಸದಸ್ಯರಲ್ಲದವರಿಗೆ ಏನು ಕೊಡುತ್ತದೆ ಎಂಬುದರಿಂದ ಅಳೆಯಬೇಕು ಎಂದು ನಾನು ನಂಬಿದ್ದೇನೆ.

2008ರ ಹಣಕಾಸು ಬಿಕ್ಕಟ್ಟಿನ ನಂತರ, ಬ್ಯಾಂಕುಗಳಿಂದ ಸಂಭಾವನೆ ಪಡೆಯುತ್ತಲೇ ಬ್ಯಾಂಕುಗಳ ಪರ ಪ್ರಬಂಧ ಬರೆಯುತ್ತಿದ್ದವರ ಬಗ್ಗೆ ಪ್ರಶ್ನೆಗಳೆದ್ದವು. ಆ ಸಂಘ ತನ್ನ ಪತ್ರಿಕೆಗಳಲ್ಲಿ ಬರೆಯುವವರು ತಮ್ಮ ಹಣಕಾಸಿನ ಸಂಬಂಧಗಳನ್ನು ತಿಳಿಸಬೇಕೆಂಬ ನಿಯಮ ಮಾಡಿತು, 2018ರಲ್ಲಿ ನಡತೆಯ ಸಂಹಿತೆಯನ್ನೂ ಅಂಗೀಕರಿಸಿತು. ಪರವಾನಗಿ ಕಿತ್ತುಕೊಳ್ಳುವ ಅಧಿಕಾರವಿಲ್ಲದ ಸಂಘವೂ ಇಷ್ಟರಮಟ್ಟಿಗೆ ಸದಸ್ಯರನ್ನು ಹಿಡಿತದಲ್ಲಿಡಬಹುದು.

ವಾಣಿಜ್ಯ ಉಪನ್ಯಾಸಕ, ಹಾವೇರಿ

ಇಷ್ಟು ವಿವರ ಸಿಗುತ್ತದೆಂದು ನಾನು ಎಣಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಮ್ಯಾನೇಜ್‌ಮೆಂಟ್ ಮತ್ತು ಮಾರ್ಕೆಟಿಂಗ್ ಕ್ಷೇತ್ರದವರು ದಯವಿಟ್ಟು ಬರೆಯಿರಿ. ಅಧ್ಯಾಪಕರಾದ ನಮಗೇ ಈಚೆಗೆ ವಾರಕ್ಕೊಂದರಂತೆ ಮಿಂಚಂಚೆ ಬರುತ್ತದೆ: ಯಾವುದೋ ‘ಅಂತರರಾಷ್ಟ್ರೀಯ’ ಮ್ಯಾನೇಜ್‌ಮೆಂಟ್ ಸಂಸ್ಥೆಯ ಫೆಲೋ ಆಗಿ ನಿಮ್ಮನ್ನು ಆಯ್ಕೆ ಮಾಡಲಾಗಿದೆ, ಇಷ್ಟು ಸಾವಿರ ಕಳುಹಿಸಿದರೆ ಪ್ರಮಾಣಪತ್ರ ಮನೆಗೆ ಬರುತ್ತದೆ ಎಂದು. ಅರ್ಜಿ ಹಾಕದವರನ್ನು ಆಯ್ಕೆ ಮಾಡುವ, ಪರೀಕ್ಷೆಯಿಲ್ಲದ, ಚುನಾಯಿತ ಪದಾಧಿಕಾರಿಗಳಿಲ್ಲದ, ವಾರ್ಷಿಕ ಲೆಕ್ಕ ಪ್ರಕಟಿಸದ ಇಂಥ ಸಂಸ್ಥೆಗಳಿಗೆ ನಮ್ಮ ಸಹೋದ್ಯೋಗಿಗಳಲ್ಲೇ ಕೆಲವರು ಹಣ ಕಟ್ಟುತ್ತಾರೆ. ಅಧ್ಯಾಪಕರೇ ಹೀಗೆ ಮಾಡಿದರೆ ಮಕ್ಕಳಿಗೆ ಯಾವ ಮುಖದಿಂದ ಹೇಳುವುದು ಎಂಬ ನೋವು ನನಗಿದೆ.

ಮಾರುಕಟ್ಟೆ ವಿಭಾಗದ ಉದ್ಯೋಗಿ, ಮಂಗಳೂರು

ಉಪನ್ಯಾಸಕರೇ, ಆಹಾರ ಪದಾರ್ಥ ತಯಾರಿಸುವ ಕಂಪನಿಯೊಂದರ ಮಾರುಕಟ್ಟೆ ವಿಭಾಗದಲ್ಲಿದ್ದೇನೆ. ನಮ್ಮ ಕ್ಷೇತ್ರಕ್ಕೆ ಪರೀಕ್ಷೆಯಿಲ್ಲದೆಯೂ ಯಾರು ಬೇಕಾದರೂ ಬರಬಹುದು. ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್ 1937ರಲ್ಲಿ ಎರಡು ಸಂಘಟನೆಗಳು ಕೂಡಿ ಆದದ್ದು. ಅದು ಆಗಾಗ ಪರಿಷ್ಕರಿಸುವ ಮಾರ್ಕೆಟಿಂಗ್ ವ್ಯಾಖ್ಯಾನವನ್ನೇ ನಿಮ್ಮ ಪಠ್ಯಪುಸ್ತಕಗಳು ಉದ್ಧರಿಸುತ್ತವೆ. ಬ್ರಿಟನ್ನಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಮಾರ್ಕೆಟಿಂಗ್ 1911ರಲ್ಲಿ ಮಾರಾಟ ವ್ಯವಸ್ಥಾಪಕರ ಸಂಘವಾಗಿ ಶುರುವಾಗಿ 1989ರಲ್ಲಿ ರಾಜಸನ್ನದು ಪಡೆಯಿತು. ಇವುಗಳ ಪ್ರಮಾಣಪತ್ರ ವಿದೇಶದಲ್ಲಿ ನೆಲೆಸುವ ಕನ್ನಡಿಗರಿಗೆ ಉಪಯೋಗವಾಗಬಹುದು. ನಮ್ಮಲ್ಲಿ ನೇಮಕಾತಿ ಮಾಡುವಾಗ ನಾನು ಅವುಗಳನ್ನು ಕೇಳಿದ್ದಿಲ್ಲ. ಅಭ್ಯರ್ಥಿ ಯಾವ ಸರಕನ್ನು ಯಾವ ಪೇಟೆಯಲ್ಲಿ ಮಾರಿದ್ದಾನೆ ಎಂದೇ ಕೇಳುತ್ತೇವೆ.

ನನ್ನ ಕ್ಷೇತ್ರದಲ್ಲಿ ನಾನು ನಿಜವಾಗಿ ಗೌರವಿಸುವ ಸಂಸ್ಥೆ ಸದಸ್ಯತ್ವ ಮಾರುವಂಥದ್ದಲ್ಲ. 1985ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಎಎಸ್‌ಸಿಐ. ಜಾಹೀರಾತುದಾರರು, ಏಜೆನ್ಸಿಗಳು, ಮಾಧ್ಯಮಗಳು ಸೇರಿ ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು ಅದು. ಗ್ರಾಹಕರ ದೂರನ್ನು ಅದರ ಸಮಿತಿ ಪರಿಶೀಲಿಸಿ, ಜಾಹೀರಾತನ್ನು ಬದಲಿಸಲು ಅಥವಾ ಹಿಂತೆಗೆದುಕೊಳ್ಳಲು ಹೇಳುತ್ತದೆ. ಸ್ವಯಂಪ್ರೇರಿತ ಸಂಸ್ಥೆಯಾದರೂ ಅದರ ಸಂಹಿತೆಯನ್ನು ಮೀರುವ ಜಾಹೀರಾತು ಟಿವಿಯಲ್ಲಿ ಬರಬಾರದೆಂದು ಕೇಬಲ್ ಟೆಲಿವಿಷನ್ ಜಾಲ ನಿಯಮಗಳಲ್ಲೇ ಹೇಳಲಾಗಿದೆ. ಹೀಗೆ ಖಾಸಗಿ ಸಂಘದ ನಿಯಮಕ್ಕೆ ಕಾನೂನಿನ ಬಲ ಬಂದಿದೆ. 2021ರಲ್ಲಿ ಸಾಮಾಜಿಕ ಜಾಲತಾಣಗಳ ಪ್ರಭಾವಿಗಳು ಹಣ ಪಡೆದು ಹೇಳುವ ಮಾತನ್ನು ಜಾಹೀರಾತು ಎಂದು ಸ್ಪಷ್ಟವಾಗಿ ಗುರುತಿಸಬೇಕೆಂಬ ಮಾರ್ಗಸೂಚಿ ತಂದದ್ದೂ ಇದೇ ಮಂಡಳಿ. ನಿಮ್ಮ ವಿದ್ಯಾರ್ಥಿಗಳು ಅದರ ಸಂಹಿತೆಯನ್ನು ಓದಿ, ತಮ್ಮ ಊರಿನಲ್ಲಿ ಕಾಣುವ ಕೋಚಿಂಗ್ ಸೆಂಟರುಗಳ ಜಾಹೀರಾತುಗಳನ್ನು ಅದಕ್ಕೆ ಹೋಲಿಸಿ ನೋಡಲಿ. ‘ನೂರಕ್ಕೆ ನೂರು ಉದ್ಯೋಗ’ ಎಂದು ಬರೆಯುವವರು ಅದನ್ನು ಸಾಬೀತುಪಡಿಸಬೇಕೆಂದು ಆ ಸಂಹಿತೆ ಕೇಳುತ್ತದೆ.

ಯೋಜನಾ ವ್ಯವಸ್ಥಾಪಕ, ಮೈಸೂರು

ಮ್ಯಾನೇಜ್‌ಮೆಂಟ್ ಕ್ಷೇತ್ರದ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಅಖಿಲ ಭಾರತ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ 1957ರಿಂದ ಇದೆ, ಎಂಬಿಎ ಪ್ರವೇಶಕ್ಕಾಗಿ ಮ್ಯಾಟ್ ಪರೀಕ್ಷೆ ನಡೆಸುವುದು ಅದೇ. ಅದರೊಂದಿಗೆ ಸೇರಿಕೊಂಡ ಸ್ಥಳೀಯ ಸಂಘಗಳು ಹಲವು ನಗರಗಳಲ್ಲಿವೆ, ಉಪನ್ಯಾಸ ಏರ್ಪಡಿಸುತ್ತವೆ. ಯೋಜನಾ ನಿರ್ವಹಣೆಯ ಪಿಎಂಪಿ ಪ್ರಮಾಣಪತ್ರ ಕೊಡುವ ಪಿಎಂಐ ಅಮೆರಿಕದ ಸಂಸ್ಥೆ, 1969ರದ್ದು. ಆ ಪರೀಕ್ಷೆಗೆ ಯೋಜನೆಗಳನ್ನು ಮುನ್ನಡೆಸಿದ ಅನುಭವ ಮತ್ತು 35 ಗಂಟೆಗಳ ತರಬೇತಿ ಬೇಕು, ಆಮೇಲೆ ಮೂರು ವರ್ಷಕ್ಕೊಮ್ಮೆ 60 ಅಂಕಗಳ ಕಲಿಕೆ ತೋರಿಸಿ ನವೀಕರಿಸಬೇಕು. ಅನುಭವವಿಲ್ಲದ ಹೊಸ ಪದವೀಧರರಿಗೆ ಇದನ್ನು ಮಾರಲು ಬರುವವರು ಸುಳ್ಳು ಹೇಳುತ್ತಿದ್ದಾರೆ. ಇಪ್ಪತ್ತೊಂದರ ವಯಸ್ಸಿನವರಿಗೆ ಇದರ ಅಗತ್ಯವೇ ಇಲ್ಲ.

ಸಿಎ ಇಂಟರ್‌ಮೀಡಿಯೆಟ್ ವಿದ್ಯಾರ್ಥಿನಿ, ಕಲಬುರಗಿ

ಹಿರಿಯರೆಲ್ಲ ಬರೆದದ್ದನ್ನು ಓದಿದೆ. ಯಾರೂ ಹೇಳದ ಒಂದು ವಿಷಯವನ್ನು ನಾನು ಹೇಳಬೇಕು. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಪಿಯುಸಿಯಲ್ಲೂ ಜಮಾ ಖರ್ಚು, ತಃಖ್ತೆ, ಸವಕಳಿ ಎಂದೇ ಲೆಕ್ಕಶಾಸ್ತ್ರ ಕಲಿತವಳು. ಐಸಿಎಐ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವಂತಿಲ್ಲ. ಸಂಸ್ಥೆಯ ಅಧ್ಯಯನ ಸಾಮಗ್ರಿಯೂ ಆ ಎರಡು ಭಾಷೆಗಳಲ್ಲೇ ಬರುತ್ತದೆ. ಹಿಂದಿ ಮಾತೃಭಾಷೆಯಾದ ವಿದ್ಯಾರ್ಥಿಗೆ ಸಿಗುವ ಅನುಕೂಲ ನನಗೇಕೆ ಸಿಗಬಾರದು? ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ, ಇಡೀ ದೇಶಕ್ಕೆ ಸೇರಿದ ಸಂಸ್ಥೆ ಇದಕ್ಕೆ ಉತ್ತರ ಕೊಡಬೇಕಲ್ಲವೇ?

ಪರೀಕ್ಷೆಯ ಪ್ರಮಾಣವನ್ನು ತಗ್ಗಿಸಿರೆಂದು ನಾನು ಕೇಳುತ್ತಿಲ್ಲ. ಮುಂದೆ ಮಾನದಂಡಗಳನ್ನು ಇಂಗ್ಲಿಷಿನಲ್ಲೇ ಓದಬೇಕಾಗುತ್ತದೆ ಎಂಬುದೂ ಗೊತ್ತು. ಆದರೆ ಫೌಂಡೇಶನ್ ಎಂಬ ಮೊದಲ ಹಂತದಲ್ಲಾದರೂ ಕನ್ನಡದ ಸಾಮಗ್ರಿ ಇದ್ದಿದ್ದರೆ ನನ್ನೊಂದಿಗೆ ಸೇರಿದ ಗೆಳತಿಯರಲ್ಲಿ ಹಲವರು ಮೊದಲ ಪ್ರಯತ್ನಕ್ಕೇ ಬಿಟ್ಟು ಹೋಗುತ್ತಿರಲಿಲ್ಲ. ಅವರಿಗೆ ಲೆಕ್ಕ ಬರುತ್ತಿತ್ತು, ವ್ಯಾಪಾರ ಕಾನೂನಿನ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಲು ಬರುತ್ತಿರಲಿಲ್ಲ. 1933ರಲ್ಲಿ ಆರ್. ಶಿವಭೋಗಂ ಅವರು ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿಯಾದರು, ಮುಂದೆ ನಮ್ಮ ರಾಜ್ಯವೂ ಸೇರಿರುವ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಯ ಅಧ್ಯಕ್ಷೆಯೂ ಆದರು. ಅವರ ಹೆಸರನ್ನು ಪ್ರತಿ ಮಹಿಳಾ ಸಮ್ಮೇಳನದಲ್ಲಿ ಹೇಳುತ್ತಾರೆ. ಹಳ್ಳಿಯಿಂದ ಬಂದ ಹುಡುಗಿಯರಿಗೆ ಭಾಷೆಯ ಬಾಗಿಲು ತೆರೆದರೆ ಅದು ಆ ಸ್ಮರಣೆಗಿಂತ ದೊಡ್ಡ ಗೌರವವಾಗುತ್ತದೆ.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ತಂಗಿ, ನಿನ್ನ ಪ್ರಶ್ನೆ ನೂರಕ್ಕೆ ನೂರು ನ್ಯಾಯವಾದದ್ದು. ಇದನ್ನು ಕೇಳಲು ದಾರಿಯೂ ಇದೆ. ಐಸಿಎಐ ಆಡಳಿತ ಮಂಡಳಿಯ 40 ಸ್ಥಾನಗಳಲ್ಲಿ 32 ಸದಸ್ಯರ ಮತದಿಂದ ತುಂಬುತ್ತವೆ, ಉಳಿದ 8 ಕೇಂದ್ರ ಸರ್ಕಾರದ ನಾಮನಿರ್ದೇಶನ. ಪ್ರತಿ ಚುನಾವಣೆಯಲ್ಲೂ ಅಭ್ಯರ್ಥಿಗಳು ಕರ್ನಾಟಕದ ಮತ ಕೇಳಲು ನಮ್ಮ ಕಚೇರಿಗಳಿಗೆ ಬರುತ್ತಾರೆ. ನಾವು ಅವರ ಬಳಿ ಸೆಮಿನಾರ್ ಬೇಕು, ಶಾಖೆಗೆ ಕಟ್ಟಡ ಬೇಕು ಎಂದು ಕೇಳಿದ್ದೇವೆಯೇ ಹೊರತು ಕನ್ನಡದ ಪರೀಕ್ಷೆ ಬೇಕೆಂದು ಒತ್ತಾಯಿಸಿಲ್ಲ. ಮುಂದಿನ ಸಲ ಈ ಭಾಗದ ಸದಸ್ಯರೆಲ್ಲ ಅದನ್ನೇ ಮೊದಲ ಪ್ರಶ್ನೆಯಾಗಿ ಇಡಬೇಕು. 1957ರಿಂದ ಇರುವ ಕರ್ನಾಟಕ ರಾಜ್ಯ ಚಾರ್ಟರ್ಡ್ ಅಕೌಂಟೆಂಟರ ಸಂಘ ಸ್ವಯಂಪ್ರೇರಿತ ಸಂಘಟನೆ, ತೆರಿಗೆ ಗಡುವು ವಿಸ್ತರಣೆಯಂಥ ವಿಷಯಗಳಲ್ಲಿ ಸರ್ಕಾರಕ್ಕೆ ಮನವಿ ಕೊಡುತ್ತ ಬಂದಿದೆ. ಈ ಮನವಿಯನ್ನೂ ಅದರ ಮೂಲಕ ಕೊಡಬಹುದು, ಕರಡನ್ನು ನಾನು ಬರೆಯುತ್ತೇನೆ.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ. ವ್ಯಾಪಾರ ಕಾನೂನಿನ ಫೌಂಡೇಶನ್ ಪಾಠಗಳನ್ನು ಕನ್ನಡದಲ್ಲಿ ಹೇಳಿಕೊಡಲು ನಾನು ಸಿದ್ಧ, ಶನಿವಾರ ಸಂಜೆ ಅಂತರಜಾಲದಲ್ಲಿ.

ವಾಣಿಜ್ಯ ಉಪನ್ಯಾಸಕ, ಹಾವೇರಿ

ಮೇಡಂ, ಆ ಪಾಠಗಳಿಗೆ ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ಬಿಟ್ಟುಕೊಡಲು ಪ್ರಾಂಶುಪಾಲರನ್ನು ನಾಳೆಯೇ ಕೇಳುತ್ತೇನೆ. ಕಲಬುರಗಿಯ ವಿದ್ಯಾರ್ಥಿನಿ ಒಪ್ಪಿದರೆ ಅವರು ಪರೀಕ್ಷೆಯಲ್ಲಿ ಎಡವಿದ ಪ್ರಶ್ನೆಗಳಿಂದಲೇ ಪಾಠ ಶುರು ಮಾಡೋಣ. ಬಾಗಲಕೋಟೆಯ ಸರ್, ಸಕ್ಕರೆ ಕಾರ್ಖಾನೆಯ ವೆಚ್ಚ ಪಟ್ಟಿಯ ಮಾದರಿಯೊಂದನ್ನು ಕಂಪನಿಯ ಗುಟ್ಟು ಬಯಲಾಗದಂತೆ ಸಿದ್ಧಪಡಿಸಿ ಕೊಟ್ಟರೆ ಐದನೆಯ ಸೆಮಿಸ್ಟರಿನ ವೆಚ್ಚ ಲೆಕ್ಕಶಾಸ್ತ್ರದ ತರಗತಿಯಲ್ಲಿ ಅದನ್ನೇ ಬಳಸುತ್ತೇನೆ. ಕರಪತ್ರಗಳ ವಿಷಯದಲ್ಲಿ ಒಂದು ಕೆಲಸ ಈಗಾಗಲೇ ಮಾಡಿದ್ದೇನೆ: ಸ್ಟಾಫ್ ರೂಮಿನ ಹೊರಗಿನ ಫಲಕದಲ್ಲಿ ಎರಡು ಸಿಎಂಎಗಳ ವ್ಯತ್ಯಾಸವನ್ನು ಬರೆದು ಹಚ್ಚಿದ್ದೇನೆ. ಮಧ್ಯಾಹ್ನದೊಳಗೆ ಮೂವರು ಬಂದು, ತಾವು ಮುಂಗಡ ಕಟ್ಟಿದ್ದು ಯಾವುದಕ್ಕೆ ಎಂದು ರಸೀದಿ ತೋರಿಸಿ ಕೇಳಿದರು. ಇಬ್ಬರದು ಅಮೆರಿಕದ್ದು, ಅವರಿಗೆ ಬೇಕಿದ್ದದ್ದು ಕೋಲ್ಕತ್ತದ್ದು. ಮುಂಗಡ ವಾಪಸು ಕೇಳುವ ಪತ್ರವನ್ನು ಈಗ ಅವರೊಂದಿಗೆ ಕುಳಿತು ಬರೆಯುತ್ತಿದ್ದೇನೆ.